ಡಾಕ್ಟರ್ ಮುಟ್ಟಿದ್ದು ಸರಿ ಅನ್ನಿಸಲಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗಾಗ ಇಪ್ಪತ್ತೆರಡು ವರ್ಷ. ಕೆಳಹೊಟ್ಟೆ ನೋವು ಅಂತ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. ನಾನು ಟೇಬಲ್ ಮೇಲೆ ಮಲಗಿದ ಮೇಲೆ ಅವರು ನರ್ಸನ್ನು ಯಾವುದೋ ಫೈಲ್ ತರಲು ಹೊರಗೆ ಕಳಿಸಿದರು. ಚಿಲಕ ಹಾಕಿದ ಸದ್ದು ಕೇಳಿಸಿತು. ಗ್ಲೌಸ್ ಬಿಚ್ಚಿ ಟ್ರೇಗೆ ಹಾಕಿದ್ದು ಕಣ್ಣಂಚಿನಲ್ಲಿ ಕಾಣಿಸಿತು. ಪರೀಕ್ಷೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ಹೊರಗೆ ಬಂದು, ಬಿಲ್ ಕಟ್ಟಿ, "ಥ್ಯಾಂಕ್ಸ್ ಡಾಕ್ಟರ್" ಅಂತಲೂ ಹೇಳಿ ಮನೆಗೆ ಹೋದೆ. ಆಮೇಲೆ ನಾಲ್ಕು ವರ್ಷ ತಲೆಯಲ್ಲಿ ಒಂದೇ ಪ್ರಶ್ನೆ. ಅದೂ ಪರೀಕ್ಷೆಯೇ ಇರಬಹುದಲ್ವಾ? ಖಚಿತವಾಗುವವರೆಗೆ ಬಾಯಿ ಬಿಡಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಈ ಪುಟ ಬರೆಯುತ್ತಿರುವುದು ಅದಕ್ಕೇ. ನಡೆದದ್ದು ಏನು ಅಂತ ತೀರ್ಪು ಕೊಡುವುದು ನಿಮ್ಮ ಕೆಲಸ ಅಲ್ಲ. ಏನಾಯಿತು ಅಂತ ಹೇಳಿದರೆ ಸಾಕು. ಯಾಕೆ ಹಾಗೆ ಮಾಡಿದೆ ಅಂತ ವಿವರಿಸಬೇಕಾದವರು ಡಾಕ್ಟರ್.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಇಲ್ಲಿ ಎಲ್ಲ ಕಡೆಗೂ ಹೊಂದುವ ವಿಷಯಗಳನ್ನು ಮಾತ್ರ ಬರೆದಿದ್ದೇನೆ.

ಖಾಸಗಿ ಅಂಗಗಳ ಪರೀಕ್ಷೆ ಅಂದರೆ ಯಾವ್ಯಾವುದು?

ಸ್ತನ, ಯೋನಿ, ಶಿಶ್ನ, ವೃಷಣ, ಗುದದ್ವಾರ, ಇಷ್ಟರ ಪರೀಕ್ಷೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಮಾಡುವ ಪ್ಯಾಪ್ ಟೆಸ್ಟ್, ಯೋನಿಯ ಮೂಲಕ ಮಾಡುವ ಸ್ಕ್ಯಾನ್, ಹರ್ನಿಯಾ ನೋಡುವುದು, ಗಂಡಸರ ಪ್ರಾಸ್ಟೇಟ್ ಗ್ರಂಥಿ ನೋಡುವುದು, ಮೂಲವ್ಯಾಧಿಗೆ ನೋಡುವುದು ಎಲ್ಲ ಇದರಲ್ಲೇ ಬರುತ್ತದೆ. ನಿಮ್ಮ ಮಟ್ಟಿಗೆ ಖಾಸಗಿ ಅನ್ನಿಸುವ ಬೇರೆ ಯಾವುದೇ ಭಾಗವೂ ಇದಕ್ಕೆ ಸೇರುತ್ತದೆ.

ಸರಿಯಾದ ಪರೀಕ್ಷೆ ಹೇಗಿರುತ್ತದೆ? ಗೊತ್ತಿದ್ದರೆ ತಾನೇ ತಪ್ಪು ಗೊತ್ತಾಗುವುದು?

ಹೌದು, ಯಾರೂ ನಮಗೆ ಇದನ್ನು ಮೊದಲೇ ಹೇಳಿಕೊಡುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶುರುವಾಗುವುದು ಮಾತಿನಿಂದ. ಯಾಕೆ ಈ ಪರೀಕ್ಷೆ ಬೇಕು, ಎಲ್ಲಿ ಮುಟ್ಟುತ್ತೇನೆ, ನೋವಾಗುತ್ತದಾ, ಎಷ್ಟು ಹೊತ್ತು ಅಂತ ಡಾಕ್ಟರ್ ಹೇಳುತ್ತಾರೆ. ನೀವು ಬಟ್ಟೆ ಹಾಕಿಕೊಂಡು ಕೂತಿರುವಾಗಲೇ ಹೇಳುತ್ತಾರೆ. ಆಗಲಿ ಅಂತ ನೀವು ಹೇಳಿದ ಮೇಲೆ ಬಟ್ಟೆ ಸರಿಸಲು ಪರದೆಯೋ ಬೇರೆ ಜಾಗವೋ ಸಿಗುತ್ತದೆ. ಹೊದ್ದುಕೊಳ್ಳಲು ಏನಾದರೂ ಕೊಡುತ್ತಾರೆ. ನೀವು ಬಟ್ಟೆ ಬಿಚ್ಚುವುದನ್ನು ಅವರು ನೋಡುತ್ತಾ ನಿಲ್ಲುವುದಿಲ್ಲ. ನೀವು ಕೇಳದೆ ಬಟ್ಟೆ ಬಿಚ್ಚಲು ಸಹಾಯಕ್ಕೂ ಬರುವುದಿಲ್ಲ. ಯಾವ ಭಾಗ ನೋಡಬೇಕೋ ಅಷ್ಟು ಮಾತ್ರ ತೆರೆದಿರುತ್ತದೆ.

ಯೋನಿ ಪರೀಕ್ಷೆಗೆ ಗ್ಲೌಸ್ ಕಡ್ಡಾಯ. ಮೊದಲು ಹೊರಭಾಗ ನೋಡುತ್ತಾರೆ. ಬೇಕಿದ್ದರೆ ಸ್ಪೆಕ್ಯುಲಂ ಅನ್ನುವ ಉಪಕರಣದಿಂದ ಗರ್ಭಕಂಠ ನೋಡುತ್ತಾರೆ. ಆಮೇಲೆ ಒಂದೋ ಎರಡೋ ಬೆರಳು ಒಳಗಿಟ್ಟು, ಇನ್ನೊಂದು ಕೈಯಿಂದ ಹೊಟ್ಟೆಯನ್ನು ಕೆಳಗೆ ಒತ್ತಿ ಗರ್ಭಕೋಶ, ಅಂಡಾಶಯ ಹೇಗಿದೆ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಎಲ್ಲ ಸೇರಿ ಕೆಲವೇ ನಿಮಿಷ. ಬೆರಳನ್ನು ಹಿಂದೆ ಮುಂದೆ ಆಡಿಸುತ್ತಲೇ ಇರುವ ಅಗತ್ಯ ಇಲ್ಲ. ಅಲ್ಲೇ ಏನಾದರೂ ತೊಂದರೆ ಅಂತ ನೀವು ಹೇಳಿರದಿದ್ದರೆ ಚಂದ್ರನಾಡಿಯನ್ನು (ಕ್ಲಿಟೊರಿಸ್, ಯೋನಿಯ ಮೇಲ್ತುದಿಯ ಸೂಕ್ಷ್ಮ ಭಾಗ) ಉಜ್ಜುವ, ಒತ್ತುವ ಅಗತ್ಯವೂ ಇಲ್ಲ.

ಸ್ತನ ಪರೀಕ್ಷೆಯಲ್ಲಿ ಬೆರಳುಗಳ ಮೆತ್ತನೆ ಭಾಗದಿಂದ ಸಣ್ಣ ಸುತ್ತು ಹಾಕುತ್ತಾ, ಒಂದು ಕಡೆಯಿಂದ ಕ್ರಮವಾಗಿ ನೋಡುತ್ತಾ ಹೋಗುತ್ತಾರೆ. ಕಂಕುಳನ್ನೂ ನೋಡುತ್ತಾರೆ, ಗಾಬರಿ ಬೇಡ. ವೃಷಣವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ನಿಧಾನವಾಗಿ ಹೊರಳಿಸಿ ಗಂಟು ಇದೆಯಾ ಅಂತ ನೋಡುತ್ತಾರೆ. ಹರ್ನಿಯಾ ಅನುಮಾನ ಇದ್ದರೆ ಕೆಮ್ಮಲು ಹೇಳುತ್ತಾರೆ. ಗುದದ್ವಾರದ ಪರೀಕ್ಷೆಗೆ ಒಂದು ಮಗ್ಗುಲಾಗಿ ಮಂಡಿ ಮಡಚಿ ಮಲಗಲು ಹೇಳಿ, ಗ್ಲೌಸ್ ಹಾಕಿದ ಬೆರಳಿಗೆ ಜೆಲ್ ಹಚ್ಚಿ ನೋಡುತ್ತಾರೆ. ಹೆಚ್ಚಿನ ಸಲ ಒಂದೆರಡು ನಿಮಿಷದೊಳಗೆ ಮುಗಿಯುತ್ತದೆ.

ಸ್ಟೆತಸ್ಕೋಪ್ ಇಡುವಾಗ ಎದೆಗೆ ಕೈ ತಾಗಿತು. ಇದು ತಪ್ಪಾ?

ತಾಗಿದ ಮಾತ್ರಕ್ಕೆ ತಪ್ಪಲ್ಲ. ಹೃದಯದ ಬಡಿತ ಚೆನ್ನಾಗಿ ಕೇಳಿಸುವ ಜಾಗಗಳಲ್ಲಿ ಒಂದು ಎಡ ಸ್ತನದ ಕೆಳಗೇ ಇದೆ. ಇಸಿಜಿ ತೆಗೆಯುವಾಗಲೂ ಕೆಲವು ಪಟ್ಟಿಗಳನ್ನು ಅಲ್ಲಿ ಅಂಟಿಸಬೇಕು. ಅದಕ್ಕೆ ಬ್ರಾ ತೆಗೆಯಲು ಹೇಳುವುದೂ ಉಂಟು. ಆದರೆ ಅಭ್ಯಾಸ ಇರುವವರು "ಸ್ವಲ್ಪ ಎತ್ತಿ ಹಿಡಿಯಿರಿ" ಅಂತ ನಿಮಗೇ ಹೇಳುತ್ತಾರೆ, ಇಲ್ಲವೇ ಕೈಯ ಹಿಂಭಾಗದಿಂದ ಸರಿಸುತ್ತಾರೆ. ಅಂಗೈಯಿಂದ ಹಿಡಿಯುವುದು, ಕೇಳಿ ಮುಗಿದ ಮೇಲೂ ಕೈ ಅಲ್ಲೇ ಇರುವುದು, ಮೊಲೆತೊಟ್ಟು ಮುಟ್ಟುವುದು, ಇವಕ್ಕೂ ಹೃದಯದ ಬಡಿತಕ್ಕೂ ಸಂಬಂಧ ಇಲ್ಲ.

ಯಾವುದನ್ನು ನೋಡಿ ಅನುಮಾನ ಪಡಬೇಕು?

ನೀವು ಹೇಳಿದ ತೊಂದರೆಗೂ ಮುಟ್ಟಿದ ಜಾಗಕ್ಕೂ ಸಂಬಂಧ ಇಲ್ಲದಿರುವುದು. ಗಂಟಲು ನೋವಿಗೆ ಕೆಳಗೆ ಪರೀಕ್ಷೆ ಯಾಕೆ? ಗ್ಲೌಸ್ ಇಲ್ಲದೆ ಒಳಗೆ ಮುಟ್ಟುವುದು. ಏನೂ ಹೇಳದೆ ಶುರು ಮಾಡುವುದು. ಜೊತೆಗಿದ್ದವರನ್ನು ಕಾರಣ ಕೊಟ್ಟು ಹೊರಗೆ ಕಳಿಸುವುದು, ಬಾಗಿಲ ಚಿಲಕ ಹಾಕುವುದು. ನಿಮ್ಮ ದೇಹವನ್ನು ಹೊಗಳುವುದು, "ನಿಮ್ಮ ಗಂಡ ಅದೃಷ್ಟವಂತ" ಅನ್ನುವುದು. ಲೈಂಗಿಕ ಜೀವನದ ಬಗ್ಗೆ ಚಿಕಿತ್ಸೆಗೆ ಬೇಡದ ಪ್ರಶ್ನೆ ಕೇಳುವುದು. ಮೈಯನ್ನು ನಿಮಗೆ ಒತ್ತಿಕೊಂಡು ನಿಲ್ಲುವುದು. ಸ್ವಂತ ಫೋನಿನಲ್ಲಿ ಫೋಟೊ ತೆಗೆಯುವುದು. "ಇದನ್ನು ಯಾರಿಗೂ ಹೇಳಬೇಡಿ" ಅನ್ನುವುದು. ಕಾರಣ ಇಲ್ಲದೆ ಅದೇ ಪರೀಕ್ಷೆಗೆ ಮತ್ತೆ ಮತ್ತೆ ಕರೆಯುವುದು.

ಲೈಂಗಿಕ ಪ್ರಶ್ನೆ ಕೇಳಿದ್ದೆಲ್ಲ ತಪ್ಪಲ್ಲ, ಇದನ್ನೂ ಹೇಳಬೇಕು. ಉರಿಮೂತ್ರ, ಬಿಳಿಮುಟ್ಟು, ಮುಟ್ಟು ನಿಂತಿರುವುದು, ಸಂಭೋಗದಲ್ಲಿ ನೋವು, ಇವುಗಳಿಗೆ ಹೋದಾಗ ಕೇಳಲೇಬೇಕಾದ ಪ್ರಶ್ನೆಗಳಿವೆ. ಸಂಗಾತಿ ಇದ್ದಾರಾ, ರಕ್ಷಣೆ ಬಳಸುತ್ತೀರಾ ಅನ್ನುವುದು ಚಿಕಿತ್ಸೆಗೆ ಬೇಕಾದ ಪ್ರಶ್ನೆ. ನಿಮಗೆ ಯಾವ ಭಂಗಿ ಇಷ್ಟ ಅನ್ನುವುದು ಅಲ್ಲ. ವ್ಯತ್ಯಾಸ ನಿಮ್ಮ ಮೈಗೆ ಬೇಗ ಗೊತ್ತಾಗುತ್ತದೆ.

ಪರೀಕ್ಷೆ ಬೇಡ ಅಂದರೆ ಚಿಕಿತ್ಸೆ ಸಿಗುವುದಿಲ್ಲವಾ?

ಬೇಡ ಅನ್ನುವ ಹಕ್ಕು ನಿಮಗಿದೆ. ಪರೀಕ್ಷೆ ಮಾಡದಿದ್ದರೆ ಏನು ಗೊತ್ತಾಗದೆ ಹೋಗಬಹುದು ಅಂತ ಡಾಕ್ಟರ್ ಹೇಳಬೇಕು, ನೀವು ಕೇಳಿಸಿಕೊಂಡು ನಿರ್ಧಾರ ಮಾಡಬೇಕು. ಅಷ್ಟೇ. ಎಷ್ಟೋ ಸಲ ಅದು ಬೇಕಾಗಿಯೇ ಇರುವುದಿಲ್ಲ. ಗರ್ಭಿಣಿಯಲ್ಲದ, ಯಾವ ತೊಂದರೆಯೂ ಇಲ್ಲದ ಮಹಿಳೆಯರಿಗೆ ಸುಮ್ನೆ ತಪಾಸಣೆ ಅಂತ ಯೋನಿ ಪರೀಕ್ಷೆ ಮಾಡುವುದು ಬೇಡ ಅಂತ ಅಮೆರಿಕದ ಡಾಕ್ಟರುಗಳ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2014ರಲ್ಲೇ ಹೇಳಿದೆ. ಗರ್ಭನಿರೋಧಕ ಮಾತ್ರೆ ಬರೆದುಕೊಡಲೂ ಅದು ಬೇಕಿಲ್ಲ.

ಪರೀಕ್ಷೆ ನಡೆಯುತ್ತಿರುವಾಗಲೇ ನಿಲ್ಲಿಸಿ ಅನ್ನಬಹುದಾ?

ಯಾವ ಕ್ಷಣದಲ್ಲಾದರೂ ಅನ್ನಬಹುದು. ಮೊದಲು ಹೂಂ ಅಂದಿದ್ದರೂ ಅನ್ನಬಹುದು. ಕಾರಣ ಕೊಡಬೇಕಿಲ್ಲ. ಆ ಹೊತ್ತಿಗೆ ಮಾತು ಹೊರಡುವುದು ಕಷ್ಟ. ಅದಕ್ಕೇ ಒಂದೆರಡು ವಾಕ್ಯ ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ: "ನಿಲ್ಲಿಸಿ." "ಇದು ಯಾಕೆ ಬೇಕು, ಹೇಳಿ." "ನರ್ಸ್ ಬರಲಿ, ಆಮೇಲೆ ಮುಂದುವರಿಸಿ." "ನಾನು ಎದ್ದು ಕೂರಬೇಕು." ನನಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಕೊನೆಯದು. ಅದರಲ್ಲಿ ಆರೋಪ ಇಲ್ಲ, ಜಗಳ ಇಲ್ಲ. ಹೇಳುತ್ತಾ ಹೇಳುತ್ತಾ ಎದ್ದುಬಿಡಬಹುದು.

ಒಳ್ಳೆಯ ಡಾಕ್ಟರ್ ತಕ್ಷಣ ಕೈ ತೆಗೆಯುತ್ತಾರೆ. ಬೇಜಾರು ಮಾಡಿಕೊಳ್ಳುವುದಿಲ್ಲ. "ಇಷ್ಟಕ್ಕೆಲ್ಲ ಹೆದರಿದರೆ ಹೇಗೆ" ಅಂತ ಗದರಿ ಮುಂದುವರಿಸಿದರೆ, ಅಲ್ಲಿಂದ ಮುಂದೆ ನಡೆಯುವುದು ನಿಮ್ಮ ಒಪ್ಪಿಗೆ ಇಲ್ಲದ ಮುಟ್ಟುವಿಕೆ.

ಇನ್ನೊಬ್ಬರು ಜೊತೆಗಿರಬೇಕು ಅಂತ ಕೇಳಬಹುದಾ?

ಖಂಡಿತ. ಕೇಳುವ ಮೊದಲೇ ಅವರೇ ಹೇಳಬೇಕು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ತನ್ನ ಡಾಕ್ಟರುಗಳಿಗೆ ಹೇಳುವುದು ಇದನ್ನೇ. ಖಾಸಗಿ ಅಂಗದ ಪರೀಕ್ಷೆಗೆ ತರಬೇತಿ ಇರುವ ಇನ್ನೊಬ್ಬರನ್ನು ಜೊತೆಗಿಡಲೇ ಅಂತ ಸಾಧ್ಯವಾದಾಗಲೆಲ್ಲ ಕೇಳಿ, ರೋಗಿ ಗಂಡಾಗಲಿ ಹೆಣ್ಣಾಗಲಿ ಕೇಳಿ, ಡಾಕ್ಟರ್ ಅದೇ ಲಿಂಗದವರಾದರೂ ಕೇಳಿ ಅಂತ. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2020ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ತನ, ಜನನಾಂಗ, ಗುದದ್ವಾರದ ಎಲ್ಲ ಪರೀಕ್ಷೆಗೂ ಜೊತೆಗೊಬ್ಬರು ಇರಬೇಕು ಅಂತ ಹೇಳಿತು. ಯಾರೂ ಸಿಗದಿದ್ದರೆ, ತುರ್ತು ಇಲ್ಲದಿದ್ದರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ.

ಅಮ್ಮ ಅದೇ ಕೋಣೆಯಲ್ಲಿದ್ದರು. ಅವರಿಗೆ ಏನೂ ಕಾಣಿಸಲಿಲ್ಲ. ಹಾಗಾದರೆ ನನ್ನದೇ ಭ್ರಮೆಯಾ?

ಅಲ್ಲ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಆಗಿದ್ದ ಲ್ಯಾರಿ ನಾಸರ್ ಪ್ರಕರಣ ನೋಡಿ. ಎಷ್ಟೋ ಹುಡುಗಿಯರ ತಂದೆ ತಾಯಿ ಅದೇ ಕೋಣೆಯಲ್ಲಿ ಕೂತಿದ್ದರು. ಅವನು ತನ್ನ ಮೈಯನ್ನೇ ಅಡ್ಡ ಮಾಡಿಕೊಂಡು, ಮೇಲೆ ಹೊದಿಕೆ ಹಾಕಿ, ಅವರ ಜೊತೆ ಮಾತಾಡುತ್ತಲೇ ಕೃತ್ಯ ನಡೆಸಿದ. ಮಕ್ಕಳು ಕೂಡ ಇದು ಬೆನ್ನುನೋವಿನ ಚಿಕಿತ್ಸೆ ಅಂದುಕೊಂಡಿದ್ದರು. ಮನೆಯವರು ಇರುವುದು ಧೈರ್ಯಕ್ಕೆ ಒಳ್ಳೆಯದು. ಆದರೆ ಪರೀಕ್ಷೆ ಹೇಗಿರಬೇಕು ಅಂತ ಗೊತ್ತಿರುವ, ಸರಿಯಾಗಿ ಕಾಣುವ ಜಾಗದಲ್ಲಿ ನಿಲ್ಲುವ ನರ್ಸ್ ಬೇರೆಯೇ. ಇಬ್ಬರೂ ಇರಲಿ ಅಂತ ಕೇಳಿ.

ನಾನು ಏನೂ ಅನ್ನದೆ ಮಲಗಿದ್ದೆ. ಒಪ್ಪಿದ ಹಾಗೆ ಆಯಿತಲ್ವಾ?

ಇಲ್ಲ. ಈ ಪ್ರಶ್ನೆ ನನ್ನನ್ನು ತುಂಬ ತಿಂದಿದೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಹೆದರಿದ ಮೈ ಓಡಬಹುದು, ಹೋರಾಡಬಹುದು, ಇಲ್ಲವೇ ಮರಗಟ್ಟಬಹುದು. ಮರಗಟ್ಟುವುದು ಮೈಯೇ ಮಾಡುವ ಕೆಲಸ, ಮನಸ್ಸಿನ ಅಪ್ಪಣೆ ಕೇಳುವುದಿಲ್ಲ. ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೊಳಗಾದವರಿಗಾಗಿಯೇ ಇರುವ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಕೇಳಿ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 70ರಷ್ಟು ಮಂದಿ ಆ ಹೊತ್ತಿನಲ್ಲಿ ಮೈ ಅಲುಗಾಡಿಸಲು ಆಗದಷ್ಟು ಮರಗಟ್ಟಿದ್ದರು. ಡಾಕ್ಟರ ಕೋಣೆಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಅಲ್ಲಿ ಅಲುಗಾಡದೆ ಮಲಗಿರುವುದೇ ಒಳ್ಳೆಯ ರೋಗಿಯ ಲಕ್ಷಣ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿರುತ್ತೇವೆ. "ಸಡಿಲ ಬಿಡಿ, ಉಸಿರು ಬಿಡಿ" ಅಂದರೆ ಹಾಗೇ ಮಾಡುತ್ತೇವೆ.

ಇನ್ನೊಂದು ಮಾತು, ಜನ ಬಾಯಿ ಬಿಟ್ಟು ಕೇಳದ ಮಾತು. ಮುಟ್ಟಿದಾಗ ಮೈ ಸ್ಪಂದಿಸಿರಬಹುದು. ತೇವ ಆಗಿರಬಹುದು, ಗಂಡಸರಿಗೆ ನಿಮಿರಿರಬಹುದು. ಅದು ನರಗಳ ಪ್ರತಿಕ್ರಿಯೆ. ಈರುಳ್ಳಿ ಹೆಚ್ಚಿದರೆ ಕಣ್ಣೀರು ಬರುವುದು ದುಃಖಕ್ಕಲ್ಲ, ಹಾಗೇ ಇದು.

ಮತ್ತೆ, ನಾನು ಥ್ಯಾಂಕ್ಸ್ ಹೇಳಿ ಬಂದವಳು. ಹಾಗೆ ಬಂದವರು ತುಂಬ ಜನ ಇದ್ದಾರೆ. ಅಲ್ಲಿಂದ ಸುರಕ್ಷಿತವಾಗಿ ಹೊರಗೆ ಬರಲು ಆಗ ನಮಗೆ ಗೊತ್ತಿದ್ದ ದಾರಿ ಅದು.

ಈಗ ತಾನೇ ನಡೆದಿದೆ. ಮೊದಲು ಏನು ಮಾಡಲಿ?

ಅಲ್ಲಿಂದ ಹೊರಗೆ ಬನ್ನಿ. ನಂಬಿಕೆ ಇರುವ ಒಬ್ಬರಿಗೆ ಫೋನ್ ಮಾಡಿ, ಮೆಸೇಜನ್ನೂ ಕಳಿಸಿ. ಎಲ್ಲ ಹೇಳಲು ಆಗದಿದ್ದರೆ "ಡಾಕ್ಟರ್ ಹತ್ತಿರ ಏನೋ ಸರಿ ಇರಲಿಲ್ಲ, ಬಾ" ಅಂದರೂ ಸಾಕು. ಆ ಒಂದು ಮೆಸೇಜಿನಲ್ಲಿ ದಿನಾಂಕ, ಸಮಯ ದಾಖಲಾಗುತ್ತದೆ. ಮುಂದೆ ಅದಕ್ಕೆ ಬೆಲೆ ಬರುತ್ತದೆ.

ದೇಹದೊಳಗೆ ಏನಾದರೂ ಹಾಕಿದ್ದರೆ, ಎಂಜಲು, ವೀರ್ಯ ತಾಗಿರುವ ಸಾಧ್ಯತೆ ಇದ್ದರೆ, ಸ್ನಾನ ಮಾಡಬೇಡಿ, ತೊಳೆದುಕೊಳ್ಳಬೇಡಿ. ಈಗಾಗಲೇ ತೊಳೆದಿದ್ದರೆ ಎಲ್ಲ ಹೋಯಿತು ಅಂದುಕೊಳ್ಳಲೂ ಬೇಡಿ, ಹೋಗಿ. ಹಾಕಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಬೇಡ, ಅದರಲ್ಲಿ ಪಸೆ ನಿಂತು ಕುರುಹು ಹಾಳಾಗುತ್ತದೆ. ಬೇರೆ ಆಸ್ಪತ್ರೆಗೆ ಹೋಗಿ. ಸಾಕ್ಷ್ಯ ಸಂಗ್ರಹಕ್ಕೆ ಬೇಗ ಹೋದಷ್ಟೂ ಒಳ್ಳೆಯದು. ಸಾಮಾನ್ಯವಾಗಿ 72 ಗಂಟೆ, ಕೆಲವು ಕಡೆ 120 ಗಂಟೆವರೆಗೂ ತೆಗೆದುಕೊಳ್ಳುತ್ತಾರೆ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತೆಗೆದುಕೊಳ್ಳಬೇಕು. ತುರ್ತು ಗರ್ಭನಿರೋಧಕಕ್ಕೆ 120 ಗಂಟೆ, ಅಂದರೆ 5 ದಿನ ಅವಕಾಶ ಇದೆ. ಅದೂ ಬೇಗ ಆದಷ್ಟು ಒಳ್ಳೆಯದು.

ಇದು ಯಾವುದೂ ನಿಮ್ಮ ವಿಷಯದಲ್ಲಿ ನಡೆದಿಲ್ಲ, ಕೈಯಿಂದ ಮುಟ್ಟಿದ್ದು ಅಷ್ಟೇ ಅನ್ನುವುದಾದರೆ ಈ ಗಡಿಬಿಡಿ ಬೇಡ. "ಅಷ್ಟೇ" ಅಂತ ನಾನು ಬರೆದದ್ದು ಗಂಟೆಗಳ ಲೆಕ್ಕಕ್ಕೆ ಮಾತ್ರ. ನಡೆದದ್ದು ಚಿಕ್ಕದು ಅಂತ ಅಲ್ಲ.

ಬರೆದಿಡಿ ಅನ್ನುತ್ತಾರೆ. ಏನಂತ ಬರೆಯುವುದು?

ಅದೇ ದಿನ ಬರೆಯಿರಿ. ಅಚ್ಚುಕಟ್ಟಾಗಿ ಇರಬೇಕಿಲ್ಲ. ನಡೆದ ಕ್ರಮದಲ್ಲಿ ಬರೆಯಿರಿ. ಅವರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆಯಿರಿ. "ಅಸಭ್ಯವಾಗಿ ವರ್ತಿಸಿದರು" ಅಂತ ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ಹೀಗೆ ಬರೆಯಿರಿ:

"ಸುಮಾರು 11:20ಕ್ಕೆ ಒಳಗೆ ಕರೆದರು. ಕೆಳಹೊಟ್ಟೆ ನೋವು ಎಂದು ಹೇಳಿದೆ. ಪರೀಕ್ಷೆ ಮಾಡಬೇಕು ಎಂದರು, ಯಾವ ಪರೀಕ್ಷೆ ಎಂದು ಹೇಳಲಿಲ್ಲ. ನೀಲಿ ಸಮವಸ್ತ್ರದ ನರ್ಸ್ ಇದ್ದರು. ಅವರನ್ನು ಫೈಲ್ ತರಲು ಕಳಿಸಿದರು. ಚಿಲಕ ಹಾಕಿದರು. ಎರಡೂ ಗ್ಲೌಸ್ ತೆಗೆದರು. ಆಮೇಲೆ ಬಲಗೈಯಿಂದ..."

ಹೀಗೆ. ಎಷ್ಟು ಹೊತ್ತು, ಕೋಣೆಯಲ್ಲಿ ಏನೇನಿತ್ತು, ನೀವು ಏನು ಹೇಳಿದಿರಿ, ಹೊರಗೆ ಯಾರು ಕೂತಿದ್ದರು, ಆಮೇಲೆ ಯಾರಿಗೆ ಮೊದಲು ಹೇಳಿದಿರಿ, ಎಲ್ಲ. ನೆನಪಿಲ್ಲದ್ದನ್ನು ಊಹಿಸಿ ತುಂಬಬೇಡಿ, "ನೆನಪಿಲ್ಲ" ಅಂತಲೇ ಬರೆಯಿರಿ. ಬರೆದದ್ದನ್ನು ನಿಮಗೆ ನೀವೇ ಇಮೇಲ್ ಮಾಡಿಕೊಂಡರೆ ತಾರೀಕು ಉಳಿಯುತ್ತದೆ. ಚೀಟಿ, ಬಿಲ್, ಅಪಾಯಿಂಟ್‌ಮೆಂಟ್ ಮೆಸೇಜ್ ಯಾವುದನ್ನೂ ಬಿಸಾಡಬೇಡಿ. ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ. ಯಾವ ಪರೀಕ್ಷೆ, ಯಾಕೆ, ಜೊತೆಗೆ ಯಾರಿದ್ದರು ಅಂತ ಅದರಲ್ಲಿ ಇರಬೇಕು. ಮಾಡಿದ ಪರೀಕ್ಷೆಯ ಸುದ್ದಿಯೇ ಅಲ್ಲಿ ಇಲ್ಲದಿದ್ದರೆ, ಅದೂ ಒಂದು ಸುಳಿವು.

ದೂರು ಎಲ್ಲಿ ಕೊಡಬೇಕು?

ಮೂರು ದಾರಿ ಇವೆ. ಒಂದನ್ನು ಹಿಡಿದರೆ ಇನ್ನೊಂದು ಮುಚ್ಚುವುದಿಲ್ಲ.

ಮೊದಲನೆಯದು ಆಸ್ಪತ್ರೆ ಅಥವಾ ಕ್ಲಿನಿಕ್ಕಿನ ಆಡಳಿತ. ಇಲ್ಲಿ ಬೇಗ ಆಗಬಹುದಾದ ಕೆಲಸ ಅಂದರೆ, ತನಿಖೆ ಮುಗಿಯುವವರೆಗೆ ಆ ಡಾಕ್ಟರ್ ಒಬ್ಬರೇ ರೋಗಿಗಳನ್ನು ನೋಡದ ಹಾಗೆ ಮಾಡುವುದು. ಆದರೆ ಆಸ್ಪತ್ರೆಗೆ ತನ್ನ ಹೆಸರಿನ ಚಿಂತೆಯೂ ಇರುತ್ತದೆ. ಬಾಯಿಮಾತಿನಲ್ಲಿ ಬಿಡಬೇಡಿ. ಬರೆದು ಕೊಡಿ, ತಲುಪಿದ್ದಕ್ಕೆ ಸಹಿ ಅಥವಾ ಉತ್ತರ ಪಡೆಯಿರಿ.

ಎರಡನೆಯದು ಡಾಕ್ಟರಿಗೆ ಪರವಾನಗಿ ಕೊಡುವ ಮೆಡಿಕಲ್ ಕೌನ್ಸಿಲ್. ಪರವಾನಗಿಯನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಇರುವುದು ಇಂಥ ಸಂಸ್ಥೆಗೆ. ಒಬ್ಬರೇ ಕ್ಲಿನಿಕ್ ನಡೆಸುವ ಡಾಕ್ಟರಾದರೆ ಮೇಲಿನವರು ಅಂತ ಬೇರೆ ಯಾರೂ ಇರುವುದಿಲ್ಲ, ಆಗ ಇದೇ ಮುಖ್ಯ.

ಮೂರನೆಯದು ಪೊಲೀಸ್. ಚಿಕಿತ್ಸೆಯ ಹೆಸರಿನಲ್ಲಿ ಲೈಂಗಿಕವಾಗಿ ಮುಟ್ಟುವುದು ಅಪರಾಧ. ಕೋರ್ಟಿನಲ್ಲಿ ಶಿಕ್ಷೆ ಆಗಲು ಬೇಕಾದ ಪುರಾವೆಯ ಮಟ್ಟ ದೊಡ್ಡದು. ಹಲವು ದೇಶಗಳಲ್ಲಿ ಕೌನ್ಸಿಲ್ ಕ್ರಮ ಕೈಗೊಳ್ಳಲು ಅಷ್ಟು ಬೇಕಿಲ್ಲ. ಆದ್ದರಿಂದ ಪೊಲೀಸರು ಕೇಸ್ ಮುಂದುವರಿಸದಿದ್ದರೂ ಕೌನ್ಸಿಲ್ ದೂರಿಗೆ ಜೀವ ಇರುತ್ತದೆ.

ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೆ ನೆರವಾಗುವ ಸಂಸ್ಥೆಯವರನ್ನೋ, ಒಬ್ಬ ವಕೀಲರನ್ನೋ ಮೊದಲು ಮಾತಾಡಿಸಿದರೆ ದಾರಿ ಸುಲಭ ಆಗುತ್ತದೆ. ಆ ಡಾಕ್ಟರನ್ನು ನೀವೇ ಹೋಗಿ ಕೇಳುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವರಿಗೆ ಕತೆ ಸಿದ್ಧ ಮಾಡಿಕೊಳ್ಳಲು ಸಮಯ ಕೊಟ್ಟ ಹಾಗಾಗುತ್ತದೆ.

ಸಾಕ್ಷಿ ಇಲ್ಲ. ದೊಡ್ಡ ಹೆಸರಿನ ಡಾಕ್ಟರ್ ಬೇರೆ. ನನ್ನ ಮಾತು ಯಾರು ನಂಬುತ್ತಾರೆ?

ನಂಬುತ್ತಾರೆ ಅಂತ ಸುಳ್ಳು ಭರವಸೆ ಕೊಡಲಾರೆ. ನಾಸರ್ ಬಗ್ಗೆ ಹುಡುಗಿಯರು 1997ರಲ್ಲೇ ಹೇಳಿದ್ದರು, ಕೋಚ್ ಕಿವಿಗೆ ಹಾಕಿಕೊಳ್ಳಲಿಲ್ಲ. 2014ರಲ್ಲಿ ಅವನು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯ ತನಿಖೆ ಮಾಡಿತು. ಅದು ಅಭಿಪ್ರಾಯ ಕೇಳಿದ ತಜ್ಞರು ಅವನಿಗೆ ಪರಿಚಯದವರೇ. ತಪ್ಪಿಲ್ಲ ಅಂತ ಬಿಟ್ಟುಬಿಟ್ಟಿತು.

ಆದರೆ ಮುಂದಿನದನ್ನೂ ಕೇಳಿ. 2016ರಲ್ಲಿ ಒಬ್ಬ ಮಾಜಿ ಜಿಮ್ನಾಸ್ಟ್ ಪತ್ರಿಕೆಯ ಮುಂದೆ, ಪೊಲೀಸರ ಮುಂದೆ ಬಂದರು. ಅವರ ಕೈಯಲ್ಲಿ 2004ರ ಒಂದು ವೈದ್ಯಕೀಯ ದಾಖಲೆ ಇತ್ತು. ಅಂದು ಬೇರೊಂದು ಕಡೆ ಒಬ್ಬ ನರ್ಸ್ ಹತ್ತಿರ ನಡೆದದ್ದನ್ನು ಹೇಳಿಕೊಂಡಿದ್ದರು. ಆ ನರ್ಸ್ ಅದನ್ನು ಬರೆದಿಟ್ಟಿದ್ದರು. ಹನ್ನೆರಡು ವರ್ಷದ ಮೇಲೆ ಆ ಬರಹ ಕೆಲಸಕ್ಕೆ ಬಂತು. 2018ರ ಜನವರಿಯಲ್ಲಿ 150ಕ್ಕೂ ಜಾಸ್ತಿ ಹೆಣ್ಣುಮಕ್ಕಳು ಏಳು ದಿನ ಕೋರ್ಟಿನಲ್ಲಿ ಅವನ ಎದುರೇ ನಿಂತು ಮಾತಾಡಿದರು. 40ರಿಂದ 175 ವರ್ಷದ ಶಿಕ್ಷೆ ಆಯಿತು.

ಒಬ್ಬರ ದೂರು ಫೈಲಿನಲ್ಲಿ ಒಂಟಿಯಾಗಿ ಕೂತಿರಬಹುದು. ಎರಡನೆಯದು ಬಂದಾಗ ಅದು ಒಂಟಿ ಅಲ್ಲ. ಹೀಗೆ ಮಾಡುವವರು ಸಾಮಾನ್ಯವಾಗಿ ಒಬ್ಬರಿಗೇ ಮಾಡಿ ನಿಲ್ಲಿಸುವುದಿಲ್ಲ. ನಿಮ್ಮ ಮಾತೂ ಸಾಕ್ಷ್ಯವೇ. ಅಂದೇ ಕಳಿಸಿದ ಮೆಸೇಜ್, ಗೆಳತಿಗೆ ಹೇಳಿದ್ದು, ಬರೆದಿಟ್ಟದ್ದು, ಎಲ್ಲವೂ ಅದಕ್ಕೆ ಆಸರೆ.

ನಾನೇ ತಪ್ಪು ತಿಳಿದುಕೊಂಡಿದ್ದರೆ? ಒಬ್ಬ ಒಳ್ಳೆಯ ಡಾಕ್ಟರ ಹೆಸರು ಹಾಳಾದರೆ?

ಈ ಭಯ ಇರುವುದು ನಿಮ್ಮ ಒಳ್ಳೆಯ ಮನಸ್ಸಿಗೆ. ಅದನ್ನು ಇಟ್ಟುಕೊಂಡೇ ಮಾಡಬಹುದಾದ ಕೆಲಸ ಇದೆ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ, ಹಣೆಪಟ್ಟಿ ಹಚ್ಚಬೇಡಿ. "ಇಂಥ ದಿನ ಹೀಗೆ ಮಾಡಿದರು. ಕಾರಣ ಹೇಳಲಿಲ್ಲ. ಇದು ಪರೀಕ್ಷೆಯ ಭಾಗವೇ ಎಂದು ತಿಳಿಯಬೇಕು" ಅಂತ ಕೇಳಿದರೆ ಯಾರಿಗೂ ಅನ್ಯಾಯ ಆಗುವುದಿಲ್ಲ. ಸರಿಯಾದ ಕಾರಣ ಇದ್ದರೆ ಅದು ಹೊರಗೆ ಬರುತ್ತದೆ. ಡಾಕ್ಟರ್ ವಿವರಿಸದೆ ಮುಟ್ಟಿದ್ದೇ ತಪ್ಪು ಅಂತಾದರೆ ಅವರು ತಿದ್ದಿಕೊಳ್ಳುತ್ತಾರೆ. ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನೋ ಹಿರಿಯ ನರ್ಸನ್ನೋ "ಈ ತೊಂದರೆಗೆ ಹೀಗೆ ಪರೀಕ್ಷೆ ಮಾಡುತ್ತಾರಾ?" ಅಂತ ಕೇಳಿ. ನಾನು ನಾಲ್ಕು ವರ್ಷ ಹೊತ್ತ ಪ್ರಶ್ನೆಗೆ ಒಬ್ಬ ನರ್ಸ್ ಉತ್ತರ ಕೊಟ್ಟದ್ದು ಒಂದೇ ನಿಮಿಷದಲ್ಲಿ. "ಗ್ಲೌಸ್ ತೆಗೆದ ಮೇಲೆ ಪರೀಕ್ಷೆ ಇಲ್ಲಮ್ಮ" ಅಂದರು.

ವರ್ಷಗಳ ಹಿಂದಿನ ವಿಷಯ. ಈಗ ಹೇಳಿದರೆ ಪ್ರಯೋಜನ ಇದೆಯಾ?

ಇದೆ. ಪೊಲೀಸ್ ದೂರಿಗೆ, ಕೌನ್ಸಿಲ್ ದೂರಿಗೆ ಕಾಲಮಿತಿ ಇದೆಯಾ, ಎಷ್ಟು ಅನ್ನುವುದನ್ನು ವಕೀಲರಲ್ಲಿ ವಿಚಾರಿಸಿ. ಆ ಡಾಕ್ಟರ್ ಇನ್ನೂ ರೋಗಿಗಳನ್ನು ನೋಡುತ್ತಿದ್ದರೆ ಇದು ಹಳೆಯ ವಿಷಯ ಅಲ್ಲ. ನನ್ನ ದೂರಿನ ಫಲ ಏನಾಯಿತು ಅಂತ ಕೇಳುವವರಿಗೆ ಹೇಳುತ್ತೇನೆ: ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೆ ಸಾಕಾಗಲಿಲ್ಲ. ಆದರೆ ಕಾಗದದ ಮೇಲೆ ಆ ಹೆಸರು ಈಗ ಇದೆ.

ಡಾಕ್ಟರ್ ಆಮೇಲೆ ಮೆಸೇಜ್ ಮಾಡುತ್ತಿದ್ದಾರೆ, ಹೊರಗೆ ಸಿಗು ಅನ್ನುತ್ತಾರೆ. ನಾನೂ ಮಾತಾಡಿದ್ದೇನೆ. ಇದು ದೂರಾಗುತ್ತದಾ?

ಆಗುತ್ತದೆ. ಸುಮಾರು 2,400 ವರ್ಷ ಹಳೆಯದಾದ, ಗ್ರೀಕ್ ವೈದ್ಯರ ಹಿಪೊಕ್ರೆಟಿಸ್ ಪ್ರತಿಜ್ಞೆಯಲ್ಲೇ ಈ ಮಾತಿದೆ. ರೋಗಿಯ ಮನೆಗೆ ಹೋಗುವುದು ಅವರ ಒಳಿತಿಗೆ ಮಾತ್ರ, ಹೆಣ್ಣಿರಲಿ ಗಂಡಿರಲಿ, ಸ್ವತಂತ್ರರಿರಲಿ ದಾಸರಿರಲಿ, ಯಾರ ಜೊತೆಗೂ ಕಾಮದ ವ್ಯವಹಾರ ಇಲ್ಲ ಅಂತ. ಚಿಕಿತ್ಸೆ ಕೊಡುವವರ ಕೈಯಲ್ಲಿ ನಿಮ್ಮ ಆರೋಗ್ಯ, ನಿಮ್ಮ ಗುಟ್ಟು ಎರಡೂ ಇರುತ್ತವೆ. ಆದ್ದರಿಂದ ಗೆರೆ ದಾಟದಿರುವ ಹೊಣೆ ಅವರದು, ನೀವು ನಕ್ಕು ಮಾತಾಡಿದ್ದರೂ ಅವರದೇ. ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಗಂಡಸರಿಗೂ ಹೀಗಾಗುತ್ತದಾ? ಡಾಕ್ಟರ್ ಹೆಂಗಸಾದರೆ?

ಆಗುತ್ತದೆ. ಯಾರಿಂದ ಯಾರಿಗೆ ಬೇಕಾದರೂ ಆಗುತ್ತದೆ. ಗಂಡಸರು ಹೇಳುವುದು ಇನ್ನೂ ಕಡಿಮೆ. ನಗುತ್ತಾರೆ ಅನ್ನುವ ಭಯ. ಮೇಲೆ ಬರೆದ ಒಂದೊಂದು ಮಾತೂ ನಿಮಗೂ ಅನ್ವಯಿಸುತ್ತದೆ. ನರ್ಸ್, ಸ್ಕ್ಯಾನ್ ಮಾಡುವವರು, ಫಿಸಿಯೊಥೆರಪಿಯವರು, ಇವರಿಗೂ ಇದೇ ನಿಯಮ.

ಪ್ರಜ್ಞೆ ತಪ್ಪಿಸಿದ್ದಾಗ ಪರೀಕ್ಷೆ ಮಾಡಬಹುದಾ?

ನಿಮ್ಮನ್ನು ಮೊದಲೇ ಕೇಳಿ, ನೀವು ಒಪ್ಪಿದ್ದರೆ ಮಾತ್ರ. ಕಲಿಯುವ ವಿದ್ಯಾರ್ಥಿಗಳು ಮಾಡುವುದಾದರೆ ಅದನ್ನೂ ಬಿಡಿಸಿ ಹೇಳಬೇಕು. ಅಮೆರಿಕ ಸರ್ಕಾರ 2024ರ ಏಪ್ರಿಲ್‌ನಲ್ಲಿ ಇದಕ್ಕೆ ಬರಹದ ಒಪ್ಪಿಗೆ ಬೇಕು ಅಂತ ಆಸ್ಪತ್ರೆಗಳಿಗೆ ಸ್ಪಷ್ಟಪಡಿಸಿತು. ಆಪರೇಷನ್‌ಗೆ ಸಹಿ ಹಾಕುವ ಮುಂಚೆ ಕೇಳಿ. ಬೇಡವಾದರೆ ಆ ಕಾಗದದ ಮೇಲೆಯೇ ಬೇಡ ಅಂತ ಬರೆಯಿರಿ.

ನನ್ನ ಮಗು ಏನೋ ಹೇಳುತ್ತಿದೆ. ಹೇಗೆ ಕೇಳಲಿ?

ಮುಖದಲ್ಲಿ ಗಾಬರಿ ತೋರಿಸಬೇಡಿ. "ಆಮೇಲೆ ಏನಾಯಿತು?" ಅಂತ ಮಾತ್ರ ಕೇಳಿ. "ಅಲ್ಲಿ ಮುಟ್ಟಿದರಾ, ಇಲ್ಲಿ ಮುಟ್ಟಿದರಾ" ಅಂತ ಉತ್ತರವನ್ನು ಬಾಯಿಗೆ ಹಾಕಬೇಡಿ. ಒಂದೇ ವಿಷಯ ಹತ್ತು ಸಲ ಕೇಳಬೇಡಿ, ಮಗು ಹೇಳಿದ ಶಬ್ದದಲ್ಲೇ ಬರೆದಿಡಿ. ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಿಲ್ಲ ಅನ್ನಿ. ಆಮೇಲೆ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೋ ಪೊಲೀಸರಿಗೋ ತಿಳಿಸಿ. ಮಕ್ಕಳ ವಿಷಯದಲ್ಲಿ ಕಾಯುವುದು ಬೇಡ.

ಗೆಳತಿ ನನ್ನ ಹತ್ತಿರ ಹೇಳಿಕೊಂಡಳು. ನಾನೇನು ಮಾಡಲಿ?

"ಆಗಲೇ ಯಾಕೆ ಹೇಳಲಿಲ್ಲ?" ಅಂತ ಕೇಳಬೇಡಿ. ಅದೊಂದು ಬಿಟ್ಟು ಏನು ಬೇಕಾದರೂ ಕೇಳಿ. ದೂರು ಕೊಡಬೇಕೋ ಬೇಡವೋ ಅವಳೇ ಹೇಳಲಿ. ಅವಳು ಹೇಳಿದ ದಿನ, ಹೇಳಿದ ಮಾತು ನೀವೂ ಬರೆದಿಟ್ಟುಕೊಳ್ಳಿ. ಆಸ್ಪತ್ರೆ, ಠಾಣೆ ಅಂತ ಹೋಗುವಾಗ ಪಕ್ಕದಲ್ಲಿ ಕೂರಲು ಬರುತ್ತೇನೆ ಅನ್ನಿ.

ಮತ್ತೆ ಯಾವ ಡಾಕ್ಟರ ಹತ್ತಿರ ಹೋಗಲೂ ಆಗುತ್ತಿಲ್ಲ. ಏನು ಮಾಡಲಿ?

ನಾನು ಆರು ವರ್ಷ ಹೋಗಲಿಲ್ಲ. ಹಾಗೆ ಬಿಟ್ಟರೆ ಪತ್ತೆಯಾಗಬೇಕಾದ ಕಾಯಿಲೆ ತಪ್ಪಿಹೋಗುತ್ತದೆ, ಅದಕ್ಕೇ ಸಣ್ಣ ಸಣ್ಣ ದಾರಿ ಹುಡುಕಿ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ, ಅದನ್ನು ತರುವ ವೈರಸ್ ಇದೆಯಾ ಅಂತ ನೋಡುವ ಎಚ್‌ಪಿವಿ ಪರೀಕ್ಷೆ ಇದೆ. ಅದರ ಸ್ವಾಬ್ ಅನ್ನು ನೀವೇ ತೆಗೆದುಕೊಳ್ಳಬಹುದು, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಅದನ್ನು ಒಪ್ಪುತ್ತದೆ. ಯೋನಿಯ ಮೂಲಕ ಸ್ಕ್ಯಾನ್ ಮಾಡುವಾಗ ಒಳಗಿಡುವ ಉಪಕರಣವನ್ನು (ಪ್ರೋಬ್) ನಾನೇ ಇಟ್ಟುಕೊಳ್ಳುತ್ತೇನೆ ಅಂತ ಕೇಳಬಹುದು. ಮೊದಲ ಭೇಟಿಯಲ್ಲಿ ಮಾತು ಮಾತ್ರ, ಪರೀಕ್ಷೆ ಇಲ್ಲ ಅಂತ ಮೊದಲೇ ಫೋನಿನಲ್ಲಿ ಹೇಳಬಹುದು. "ಹಿಂದೆ ಒಬ್ಬ ಡಾಕ್ಟರಿಂದ ನನಗೆ ಕೆಟ್ಟ ಅನುಭವ ಆಗಿದೆ" ಅನ್ನುವ ಒಂದು ವಾಕ್ಯ ಸಾಕು, ಪೂರ್ತಿ ಕತೆ ಹೇಳಬೇಕಿಲ್ಲ. ನಿದ್ದೆ ಬರದಿದ್ದರೆ, ಆ ಕೋಣೆ ಮತ್ತೆ ಮತ್ತೆ ಕಣ್ಣಿಗೆ ಬಂದರೆ ಆಪ್ತಸಮಾಲೋಚಕರನ್ನು ನೋಡಿ. ನನಗೆ ಅದರಿಂದ ಉಪಯೋಗ ಆಗಿದೆ.

ಆರು ವರ್ಷದ ಮೇಲೆ ಹೋದಾಗ ಆ ಡಾಕ್ಟರಿಗೆ ಆ ಒಂದು ವಾಕ್ಯ ಹೇಳಿದೆ. ಅವರು ಪೆನ್ ಕೆಳಗಿಟ್ಟರು. ನರ್ಸನ್ನು ಕರೆದು ನನ್ನ ತಲೆಯ ಪಕ್ಕ ನಿಲ್ಲಲು ಹೇಳಿದರು. ಸ್ಪೆಕ್ಯುಲಂ ತೆಗೆದು ನನ್ನ ಕೈಗೆ ಕೊಟ್ಟು, ತೆರೆಯುವುದು ಹೇಗೆ, ಮುಚ್ಚುವುದು ಹೇಗೆ ಅಂತ ತೋರಿಸಿದರು. "ನೀವು ಕೈ ಎತ್ತಿದರೆ ನಾನು ನಿಲ್ಲಿಸುತ್ತೇನೆ" ಅಂದರು. ಎರಡು ಸಲ ಎತ್ತಿದೆ. ಎರಡು ಸಲವೂ ನಿಲ್ಲಿಸಿದರು.